ದೊಡ್ಡವರ ಮುಖದ ಅಚ್ಚು

ನಮ್ಮ ಭಾವ ಆ ರಾತ್ರಿ ಬಾವಿ ಹತ್ತಿರ ಬಂದಾಗ ಬೀದಿಯಲ್ಲಿ ಒಂದು ನಾಯಿನೂ ಇರಲಿಲ್ಲ.

ಯಾವ ಭಾವ ಅಂತ ಮಧ್ಯದಲ್ಲಿ ಬಾಯಿ ಹಾಕ್ಬೇಡಿ, ಹೇಳ್ತೀನಿ. ನಮ್ಮ ದೊಡ್ಡಮ್ಮನ ಮಗಳಿದ್ದಾಳಲ್ಲ, ಅಕ್ಕ... ಅವಳ ಗಂಡ. ಶಿಲ್ಪಿ. ಇದು ಕಟ್ಟುಕತೆ ಅಲ್ಲ. ಅರ್ಧ ಭಾವನೇ ನನಗೆ ಹೇಳಿದ್ದು, ಇನ್ನರ್ಧ ನಾನೇ ಕಣ್ಣಾರೆ ಕಂಡಿದ್ದು. ನಗೋರು ಈಗಲೇ ನಕ್ಕು ಮುಗಿಸಿಬಿಡಿ. ಆಮೇಲೆ ಬಚ್ಚಲಿಗೆ ಜೊತೆಗೆ ಬಾ ಅಂತ ಎಬ್ಬಿಸಿದ್ರೆ ನಾನಂತೂ ಏಳೋಳಲ್ಲ.

ಹೂಂ... ಬಾವಿ.

ಬೀದಿ ತಿರುವಿನಲ್ಲಿದ್ದ ಹಳೇ ಬಾವಿ. ಮನೆಮನೆಗೂ ನಲ್ಲಿ ಬಂದಮೇಲೆ ಅದರ ಕಡೆ ಯಾರೂ ತಿರುಗಿ ನೋಡ್ತಿರಲಿಲ್ಲ. ಭಾವ ಒಬ್ಬರೇ ಮಣ್ಣು ಕಲಸೋಕೆ, ಪ್ಲಾಸ್ಟರ್ ಕಲಸೋಕೆ ಅಂತ ಅಲ್ಲಿಂದ ನೀರು ಸೇದೋರು. ಬಾವಿ ದಾಟಿದ್ರೆ ಅವರ ಶೆಡ್ಡು, ಶೆಡ್ಡಿನ ಹಿಂದೆ ಮನೆ. ಅವರನ್ನ ಕರ್ಕೊಂಡು ಹೋಗಿದ್ದ ಕರೀ ಕಾರಿನವರು ವಾಪಸ್ ತಂದು ಬೀದಿ ತುದೀಲೇ ಇಳಿಸಿದ್ರು. "ಇಲ್ಲಿಂದ ನಡ್ಕೊಂಡು ಹೋಗು. ಯಾರಾದ್ರೂ ಕೇಳಿದ್ರೆ ಸಿನಿಮಾಕ್ಕೆ ಹೋಗಿದ್ದೆ ಅನ್ನು" ಅಂದು ಹೊರಟುಹೋದ್ರು.

ಭಾವನ ತೋಳಲ್ಲಿ ಹಳೇ ಕಂಬಳೀಲಿ ಸುತ್ತಿದ ಗಂಟು. ಹಸುಗೂಸನ್ನ ಹಿಡಿದ ಹಾಗೆ ಎದೆಗೊತ್ತಿ ಹಿಡ್ಕೊಂಡಿದ್ರು. ಒಳಗಿದ್ದದ್ದು ಪ್ಲಾಸ್ಟರಿನ ಅಚ್ಚು. ಸತ್ತ ಮನುಷ್ಯನ ಮುಖದ ಮೇಲೆ ಸುರಿದು, ಗಟ್ಟಿಯಾದಮೇಲೆ ಎತ್ತಿಕೊಂಡು ಬಂದದ್ದು.

ಪ್ಲಾಸ್ಟರ್ ಗಟ್ಟಿಯಾಗೋವಾಗ ಬಿಸಿಯಾಗುತ್ತೆ. ಆಮೇಲೆ ತಣ್ಣಗಾಗುತ್ತೆ. ಅಷ್ಟೇ. ಕಾರಲ್ಲಿ ಕೂತಾಗಲೇ ಅದು ಕಲ್ಲಿನ ಹಾಗೆ ತಣ್ಣಗಾಗಿತ್ತು. ಆದ್ರೆ ಬಾವಿ ಹತ್ತಿರ ಬಂದಾಗ... ಕಂಬಳಿ ಒಳಗಿಂದ, ಮೊಣಕೈ ಮಡಚಿದ ಜಾಗಕ್ಕೆ ಏನೋ ಬೆಚ್ಚಗೆ ತಾಗಿತು. ಆಮೇಲೆ ತಣ್ಣಗೆ. ಮತ್ತೆ ಬೆಚ್ಚಗೆ.

ಜೊತೆಗೆ ಶಬ್ದ. "ಹ್ಹೂ..."

ಕನ್ನಡಕ ಒರೆಸೋ ಮುಂಚೆ ಗಾಜಿನ ಮೇಲೆ ಊದ್ತೀವಲ್ಲ, ಹಾಗೆ.

ಭಾವ ನಿಂತ್ರು. ಶಬ್ದಾನೂ ನಿಂತಿತು. ಬಾವಿ ಒಳಗೆಲ್ಲೋ ಒಂದು ಹನಿ "ಟಪ್" ಅಂತ ಬಿತ್ತು. ನನ್ನದೇ ಏದುಸಿರು ಇರಬೇಕು ಅಂದ್ಕೊಂಡು ಅವರು ಉಸಿರು ಬಿಗಿಹಿಡಿದ್ರು. ಕಿವಿಗೊಟ್ಟು ನಿಂತ್ರು.

"ಹ್ಹೂ..."

ಎದ್ದೆನೋ ಬಿದ್ದೆನೋ ಅಂತ ಓಡಿದ್ರು ನೋಡಿ. ಅಕ್ಕ ಬಾಗಿಲು ತೆಗೆದು ನೋಡ್ತಾಳೆ, ಗಂಡನ ಮುಖ ಸುಣ್ಣ ಬಳಿದ ಗೋಡೆ ಥರ ಆಗಿದೆ.

"ಏನ್ರೀ ಇದು, ಹೀಗೆ ಬೆವೆತಿದ್ದೀರಿ?"

"ಮೆತ್ತಗೆ ಮಾತಾಡು. ಭಾರ ಇತ್ತು."

"ಯಾರ ಮುಖ?"

"ದೊಡ್ಡವರದ್ದು."

ಅಕ್ಕ ಬಾಯಿ ಮೇಲೆ ಕೈ ಇಟ್ಕೊಂಡಳು. "ಅಯ್ಯೋ... ಹೋಗಿಬಿಟ್ರಾ?"

"ಬೆಳಿಗ್ಗೆ ರೇಡಿಯೋದಲ್ಲಿ ಹೇಳ್ತಾರೆ. ಅಲ್ಲೀವರೆಗೆ ನಿನಗೇನೂ ಗೊತ್ತಿಲ್ಲ."

ಭಾವನ ಕೆಲಸದ ಬಗ್ಗೆ ಸ್ವಲ್ಪ ಹೇಳಿಬಿಡ್ತೀನಿ, ಇಲ್ಲದಿದ್ರೆ ಮುಂದೆ ನಿಮಗೆ ತಲೆಬುಡ ತಿಳಿಯಲ್ಲ. ಅವರು ಮಾಡ್ತಿದ್ದದ್ದು ರಾಜಕೀಯದವರ ತಲೆ. ಪೂರ್ತಿ ಮೂರ್ತಿ ಅಲ್ಲ, ಎದೆಯಿಂದ ಮೇಲಕ್ಕೆ. ಆಫೀಸು, ಶಾಲೆ, ಆಸ್ಪತ್ರೆ ಬಾಗಿಲಲ್ಲಿ ಕಟ್ಟೆ ಮೇಲೆ ಕೂರಿಸ್ತಾರಲ್ಲ, ಅವು. ಎದೆ ಎಲ್ಲರಿಗೂ ಒಂದೇ. ಕೋಟಿನ ಕಾಲರು, ಗುಂಡಿ, ಎಲ್ಲದಕ್ಕೂ ಅಚ್ಚು ಯಾವಾಗಲೂ ತಯಾರು. ಮಂತ್ರಿ ಬದಲಾದ್ರೆ ತಲೆ ಬದಲು. ಇಳಿಸಿದ ತಲೆಗಳು ವಾಪಸ್ ಬಂದು ಶೆಡ್ಡಿನ ಅಟ್ಟದ ಮೇಲೆ ಕೂರೋವು. ಅಕ್ಕ ಅದಕ್ಕೆ 'ಸೋತವರ ಅಟ್ಟ' ಅಂತಿದ್ದಳು. "ಕುರ್ಚಿ ಇದ್ದಾಗ ಒಬ್ಬರ ಮುಖ ಒಬ್ಬರು ನೋಡ್ತಿರಲಿಲ್ಲ, ಈಗ ನೋಡೇ, ಹೇಗೆ ಭುಜಕ್ಕೆ ಭುಜ ತಾಗಿಸ್ಕೊಂಡು ಕೂತಿದ್ದಾವೆ" ಅಂತ ನಗೋಳು.

ದೊಡ್ಡವರು ಅಂದ್ರೆ ಎಲ್ಲರಿಗಿಂತ ಮೇಲಿದ್ದವರು. ನಾವು ಹುಟ್ಟಿದಾಗಿಂದ ಅವರದ್ದೇ ಆಳ್ವಿಕೆ. ಹೆಸರು ಹಿಡಿದು ಯಾರೂ ಕರೀತಿರಲಿಲ್ಲ, ಗೋಡೆಗೂ ಕಿವಿ ಇದ್ದ ಕಾಲ. ಬದುಕಿರೋವರೆಗೆ ನನ್ನ ತಲೆ ಯಾರೂ ಮಾಡಕೂಡದು ಅಂತ ಅವರದ್ದೇ ಅಪ್ಪಣೆ ಇತ್ತು. ಅದಕ್ಕೇ ಪ್ರಾಣ ಹೋದ ತಕ್ಷಣ ಭಾವನಿಗೆ ಕಾರು ಬಂದಿದ್ದು. ಕಳಿಸಿದವರು ಅವರ ಕೈಕೆಳಗಿನವರು. ಜನ ಅವರನ್ನ 'ಎರಡನೆಯವರು' ಅಂತಿದ್ರು. ಬೆಳಗಾಗೋದ್ರೊಳಗೆ ಅವರೇ ಒಂದನೆಯವರಾದ್ರು ಅನ್ನಿ. ಆದ್ರೂ ಆ ಹೆಸರು ಹೋಗ್ಲಿಲ್ಲ.

ಇನ್ನೊಂದು ಮಾತು, ಇದನ್ನ ಚೆನ್ನಾಗಿ ಕೇಳಿಸ್ಕೊಳ್ಳಿ. ಬದುಕಿರೋರ ಮುಖದ ಅಚ್ಚು ತೆಗೆಯೋದಾದ್ರೆ ಮೂಗಿನ ಹೊಳ್ಳೆಗೆ ಎರಡು ಸಣ್ಣ ಕೊಳವೆ ಇಡ್ತಾರೆ, ಉಸಿರಾಡೋಕೆ. ಸತ್ತವರಾದ್ರೆ ಕೊಳವೆ ಯಾಕೆ? ಹತ್ತಿ ತುರುಕಿ ಹೊಳ್ಳೆ ಮುಚ್ಚಿ, ಮೇಲೆ ಪ್ಲಾಸ್ಟರ್ ಸುರೀತಾರೆ.

ಬೆಳಿಗ್ಗೆ ರೇಡಿಯೋದಲ್ಲಿ ಶೋಕದ ವಾದ್ಯ ಶುರುವಾಯ್ತು. ಅಕ್ಕ ಶೆಡ್ಡಿನಲ್ಲಿ ಕಂಬಳಿ ಬಿಚ್ಚಿ ಅಚ್ಚು ಹೊರಗಿಟ್ಟಳು. ಅಚ್ಚಿನ ಒಳಗಿನ ಗುಳಿ ತುಂಬೋದು, ನುಣುಪು ಮಾಡೋದು ಯಾವಾಗಲೂ ಅವಳದ್ದೇ ಕೆಲಸ. ಅವಳ ಹೆಬ್ಬೆರಳು ಸಣ್ಣದು, ಮೂಲೆಮೂಲೆಗೂ ಹೋಗೋದು. ನೋಡ್ತಾಳೆ, ಮೂಗಿನ ಕೆಳಗೆ ಎರಡು ಸಾಲು ಗುಳಿ. ಇರುವೆ ಗೂಡಿನ ಹಾಗೆ, ಒಳಗಿಂದ ಹೊರಕ್ಕೆ ಕೊರೆದಿದೆ.

"ಇದೇನ್ರೀ ಇಷ್ಟೊಂದು ಗುಳಿ?"

ಭಾವ ಬೆನ್ನು ತಿರುಗಿಸ್ಕೊಂಡು ಮಣ್ಣು ತುಳೀತಿದ್ರು. "ಗಾಳಿ ಸೇರಿದೆ. ತುಂಬಿಬಿಡು."

ಅಕ್ಕ ಪ್ಲಾಸ್ಟರ್ ಕಲಸಿ ಹೆಬ್ಬೆರಳಲ್ಲಿ ಒತ್ತಿ ಒತ್ತಿ ಎರಡೂ ಸಾಲು ಮುಚ್ಚಿದಳು. ಪಾಪ, ಅವಳಿಗೇನು ಗೊತ್ತು.

ಅವತ್ತು ರಾತ್ರಿನೇ ಅವಳಿಗೆ ಮೊದಲನೇ ಸಲ ಉಸಿರು ಕಟ್ಟಿತು.

ನಾನಾಗ ನೀರಿನ ತೆರಿಗೆ ಆಫೀಸಿನಲ್ಲಿ ಟೈಪಿಸ್ಟು. ಅಕ್ಕನಿಗೆ ಹುಷಾರಿಲ್ಲ ಅಂತ ಸುದ್ದಿ ಬಂದಮೇಲೆ ನನ್ನ ಪೆಟ್ಟಿಗೆ ತಗೊಂಡು ಅವರ ಮನೆಗೇ ಹೋದೆ, ಅಲ್ಲಿಂದಲೇ ಆಫೀಸಿಗೆ ಓಡಾಡ್ತಿದ್ದೆ. ಆನೆ ಥರ ಇದ್ದೋಳು, ಕಡ್ಡಿ ಥರ ಆಗಿದ್ದಳು. ಮಾತಾಡ್ತಾ ಆಡ್ತಾ ನಿಂತುಬಿಡೋಳು. ಬಾಯಿ ತೆರೆದೇ ಇರೋದು, ಗಾಳಿ ಒಳಗೆ ಹೋಗ್ತಿರಲಿಲ್ಲ. ತುಟಿ ನೀಲಿ ಆಗೋದು. ಆಗ ಎರಡೂ ಕೈಯಿಂದ ಮೂಗಿನಿಂದ ಏನೋ ಎಳೆದು ತೆಗೆಯೋ ಹಾಗೆ ಮಾಡೋಳು... ಹೀಗೆ... ಹೀಗೆ... ಬೆರಳಲ್ಲಿ ಚಿವುಟಿ ಎಳೆಯೋದು. ಅಲ್ಲೇನೂ ಇರ್ತಿರಲಿಲ್ಲ. ಆಮೇಲೆ "ಹಾ..." ಅಂತ ಉಸಿರು ಬರೋದು.

ಡಾಕ್ಟರು ಎದೆ ತಟ್ಟಿ ನೋಡಿದ್ರು, ಎಕ್ಸ್‌ರೇ ತೆಗೆದು ನೋಡಿದ್ರು. "ಶ್ವಾಸಕೋಶ ಚೆನ್ನಾಗಿದೆ, ಮನಸ್ಸಿನದ್ದು" ಅಂದ್ರು. ಡಾಕ್ಟರಿಗೆ ತಿಳೀಲಿಲ್ಲ ಅಂದ್ರೆ ಹೆಂಗಸರಿಗೆಲ್ಲ ಮನಸ್ಸಿನ ಕಾಯಿಲೆ. ನನಗೆ ಮೈಯೆಲ್ಲ ಉರಿದುಹೋಯ್ತು.

ಅಷ್ಟು ಹೊತ್ತಿಗೆ ದೊಡ್ಡವರ ತಲೆಗಳು ಊರೆಲ್ಲ ಹೋಗ್ತಿದ್ವು. ಭಾವ ಮಣ್ಣಲ್ಲಿ ಮಾಡಿಕೊಟ್ಟದ್ದಕ್ಕೆ ಅಚ್ಚು ತೆಗೆದು ಎರಕದವರು ಕಂಚಿನಲ್ಲಿ ಒಂದಾದ ಮೇಲೊಂದು ಹೊಯ್ದು ಕಳಿಸೋರು. ಮೂರ್ತಿಗೆ ಮೂಗಿನ ಹೊಳ್ಳೆ ಬರೀ ತೋರಿಕೆಗೆ. ಆಳಕ್ಕೆ ಕೊರೆದ್ರೆ ಅಚ್ಚು ಕಚ್ಚಿಕೊಳ್ಳುತ್ತೆ ಅಂತ, ಬೆರಳಲ್ಲಿ ಒತ್ತಿದಷ್ಟು ಗುಳಿ ಮಾಡಿ ಬಿಡ್ತಾರೆ. ನಮ್ಮ ಆಫೀಸಿನ ಬಾಗಿಲಲ್ಲೂ ಒಂದು ಇಟ್ರು. ಭಾಷಣ ಆಯ್ತು, ಪರದೆ ಎಳೆದ್ರು, ಚಪ್ಪಾಳೆ ತಟ್ಟಿ ಸಂಜೆ ಮನೆಗೆ ಬರ್ತೀನಿ, ಅಕ್ಕ ಅಡುಗೆಮನೆ ನೆಲದ ಮೇಲೆ ಬಿದ್ದಿದ್ದಾಳೆ. ಅವತ್ತಿನಿಂದ ಗಮನಿಸಿದೆ. ಎಲ್ಲಾದ್ರೂ ಒಂದು ತಲೆ ಇಟ್ರೆ ಅವತ್ತು ಅವಳಿಗೆ ಜೋರಾಗೋದು. ಕಾಕತಾಳೀಯ ಅಂತ ನೀವಂತೀರಿ. ನಾನೂ ಹಾಗೇ ಅಂದ್ಕೊಂಡಿದ್ದೆ.

ಆಗ ಎರಡನೆಯವರು ತಮ್ಮ ಕೋಣೆಗೆ ಅಂತ ದೊಡ್ಡವರದ್ದೇ ಒಂದು ಭಾರೀ ತಲೆ ಬೇಕು ಅಂದ್ರು. ನಿಜವಾದ ಮುಖಕ್ಕಿಂತ ದೊಡ್ಡದು. ಅದಿನ್ನೂ ಮಣ್ಣಿನಲ್ಲಿತ್ತು, ಶೆಡ್ಡಿನ ನಡುವೆ ಪೀಠದ ಮೇಲೆ. ಮಣ್ಣು ಒಣಗಿ ಬಿರುಕು ಬಿಡಬಾರದು ಅಂತ ದಿನಾ ಮಲಗೋ ಮುಂಚೆ ಒದ್ದೆ ಬಟ್ಟೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಕತ್ತಿಗೆ ದಾರ ಕಟ್ಟಬೇಕು. ಅದೂ ಅಕ್ಕನ ಕೆಲಸವೇ. ಆ ರಾತ್ರಿ ಅವಳಿಗೆ ಏಳೋಕೂ ಆಗ್ಲಿಲ್ಲ, ನಾನು ಮಾಡಿದೆ. ಬಟ್ಟೆ ಹಿಂಡಿ ಆ ಮುಖಕ್ಕೆ ಸುತ್ತೋವಾಗ ನನಗೆ ಯಾಕೋ ಸರಿಬರಲಿಲ್ಲ. ಮೂಗಿನ ಮೇಲೆ ಬಟ್ಟೆ ಒತ್ತೋವಾಗ "ಕ್ಷಮಿಸಿ" ಅಂದೆ. ಮಣ್ಣಿಗೆ!

ಅಕ್ಕನ ಪಕ್ಕದಲ್ಲಿ ಮಲಗಿದೆ. ಅವಳ ಉಸಿರು ಕೇಳ್ತಾ ಇದ್ದೆ. ಹೋಯ್ತು... ಬಂತು... ಹೋಯ್ತು... ಬಂತು. ಹಾಗೇ ಜೊಂಪು ಹತ್ತಿತು.

ಎಚ್ಚರ ಆಯ್ತು. ಶೆಡ್ಡಿನ ಕಡೆಯಿಂದ ಶಬ್ದ.

ಚರ್... ಚರ್... ಚರ್...

ಇಲಿ ಪ್ಲಾಸ್ಟಿಕ್ ಕಡೀತಿದೆ ಅಂದ್ಕೊಂಡೆ. ಆದ್ರೆ ಇಲಿ ತಾಳ ಹಾಕಿ ಕಡಿಯಲ್ಲ. ಅಕ್ಕನ ಉಸಿರು ಒಳಗೆ ಹೋದಾಗ ಅಲ್ಲಿ ಚರ್. ಹೊರಗೆ ಬಂದಾಗ ಅಲ್ಲೂ ಚರ್. ಎದ್ದು, ಗೋಡೆ ಹಿಡ್ಕೊಂಡು, ಶೆಡ್ಡಿನ ಬಾಗಿಲಿಗೆ ಹೋದೆ.

ಭಾವ ಕತ್ತಲಲ್ಲಿ ಒಂದು ಡಬ್ಬದ ಮೇಲೆ ಕೂತಿದ್ರು.

"ಭಾವ..."

"ಶ್... ನಿನಗೂ ಕೇಳಿಸ್ತಾ?" ಅಂದ್ರು. ಆ ದನಿ ಇವತ್ತಿಗೂ ನನ್ನ ಕಿವೀಲಿದೆ. "ನನಗೊಬ್ಬನಿಗೇ ಹುಚ್ಚು ಹಿಡಿದಿದೆ ಅಂದ್ಕೊಂಡಿದ್ದೆ."

ಕಿಟಕಿಯಿಂದ ಬೀದಿದೀಪದ ಬೆಳಕು ತಲೆ ಮೇಲೆ ಬಿದ್ದಿತ್ತು. ನಾನೇ ಹೊದಿಸಿದ ಪ್ಲಾಸ್ಟಿಕ್. ಬಾಯಿ ಇರೋ ಜಾಗದಲ್ಲಿ ಅದು ಒಳಕ್ಕೆ ಹೀರಿಕೊಳ್ತು... ಚರ್... ಗುಂಡಗೆ ಗುಳಿ ಬಿತ್ತು. ಆಮೇಲೆ ಉಬ್ಬಿತು. ಮತ್ತೆ ಹೀರಿಕೊಳ್ತು. ಶೆಡ್ಡಿನಲ್ಲಿ ಗಾಳಿ ಇರಲಿಲ್ಲ. ಕಿಟಕಿ ಮುಚ್ಚಿತ್ತು. ಅಟ್ಟದ ಮೇಲೆ ಸೋತವರೆಲ್ಲ ಕೂತು ನೋಡ್ತಿದ್ದ ಹಾಗಿತ್ತು.

ಚರ್ರ್...

ಈ ಸಲ ಒಳಗೆ ಹೋದದ್ದು ಹೊರಗೆ ಬರಲಿಲ್ಲ. ಪ್ಲಾಸ್ಟಿಕ್ ಬಾಯಿಗೆ ಕಚ್ಚಿಕೊಂಡು ನಿಂತುಬಿಟ್ಟಿತು. ಮನೆ ಒಳಗಿಂದ ಧಡ್ ಅಂತ ಶಬ್ದ... ಅಕ್ಕ ಮಂಚದಿಂದ ಬಿದ್ದಿದ್ದಳು.

ಭಾವ ತಮ್ಮ ತಲೆ ಹಿಡ್ಕೊಂಡು ಶುರು ಮಾಡಿದ್ರು, "ನಂದೇ ತಪ್ಪು ಕಣಮ್ಮ, ಆ ರಾತ್ರಿ ನಾನು..."

"ನಿಮ್ಮ ಪುರಾಣ ಆಮೇಲೆ ಹೇಳಿ! ಮೊದಲು ಬಿಚ್ಚಿ ಅದನ್ನ!" ಅಂತ ಕಿರುಚಿದೆ.

ದಾರ ಹರಿದ್ವಿ, ಪ್ಲಾಸ್ಟಿಕ್ ಕಿತ್ತ್ವಿ, ಬಟ್ಟೆ ಎಳೆದ್ವಿ. ಏನೂ ಆಗ್ಲಿಲ್ಲ. ಬರೀ ಮಣ್ಣಿನ ಮುಖ. ಮೂಗು ಇದೆ, ಹೊಳ್ಳೆ ಮುಚ್ಚಿದೆ. ಭಾವ ಒಂದು ಗಳಿಗೆ ಅದನ್ನೇ ನೋಡಿದ್ರು. ಮೇಜಿನ ಮೇಲೆ ಹಳೇ ಛತ್ರಿಯ ಕಡ್ಡಿ ಇತ್ತು, ಮಣ್ಣು ಕೆರೆಯೋಕೆ ಇಟ್ಕೊಂಡಿದ್ದದ್ದು. ಅದನ್ನ ತಗೊಂಡು ಒಂದು ಹೊಳ್ಳೆಗೆ ತಳ್ಳಿದ್ರು, ಗೇಣುದ್ದ. ಇನ್ನೊಂದಕ್ಕೂ ತಳ್ಳಿದ್ರು. ಎಳೆದಾಗ "ಸುಂಯ್..." ಅಂತು.

ಮನೆ ಒಳಗಿಂದ ಅಕ್ಕ, "ಹಾ... ಹಾ..." ಅಂತ ಗಾಳಿ ಎಳ್ಕೊಳ್ಳೋದು ಕೇಳಿಸಿತು.

ಅವಳನ್ನ ಎತ್ತಿ ಮಲಗಿಸಿ, ನೀರು ಕುಡಿಸಿ, ಬಾಗಿಲ ಹತ್ತಿರ ಬಂದು ಕೂತು ಭಾವ ಪಿಸುದನೀಲಿ ಹೇಳಿದ್ರು. ನಾನು ಹೇಗೆ ಕೇಳಿಸ್ಕೊಂಡೆನೋ ಹಾಗೇ ಹೇಳ್ತೀನಿ.

"ಆ ಕೋಣೇಲಿ ಎರಡನೆಯವರಿದ್ರು, ಡಾಕ್ಟರಿದ್ರು. ಹೋಗಿಬಿಟ್ಟಿದ್ದಾರೆ, ಬೇಗ ಮುಗಿಸು ಅಂದ್ರು. ಹತ್ತಿ ಇಟ್ಟೆ. ಪ್ಲಾಸ್ಟರ್ ಸುರಿದೆ. ಇನ್ನೂ ಹಸಿ ಇತ್ತು... ಮೂಗಿನ ಜಾಗದಲ್ಲಿ ಗುಳ್ಳೆ ಎದ್ದಿತು. ಗುಳ್... ಗುಳ್... ಅಂತ. ಡಾಕ್ಟರ ಕಡೆ ನೋಡಿದೆ. ಅವರು ಕಿಟಕಿ ಕಡೆ ತಿರುಗಿದ್ರು. ನಾನು ಕೈ ಮುಂದೆ ಚಾಚಿದೆ, ಕಿತ್ತುಬಿಡೋಣ ಅಂತ. ಎರಡನೆಯವರು 'ಗಟ್ಟಿಯಾಗ್ಲಿ' ಅಂದ್ರು."

"ಅಷ್ಟೇನಾ?"

"ಇನ್ನೊಂದು ಮಾತು ಕೇಳಿದ್ರು. 'ಮನೇಲಿ ನಿನ್ನ ಹೆಂಡತಿ ಚೆನ್ನಾಗಿದ್ದಾಳಾ?' ಅಂತ." ಭಾವ ಅಂಗೈಯಲ್ಲಿ ಮುಖ ಮುಚ್ಕೊಂಡ್ರು. "ನಾನು ಕೈ ಹಿಂದೆ ತಗೊಂಡೆ. ಗಟ್ಟಿಯಾಗೋವರೆಗೂ ನಿಂತಿದ್ದೆ."

ಈಗ ಹೇಳಿ, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂದ ಹಾಗಾಯ್ತಾ ಇಲ್ವಾ? ಅಕ್ಕನ ಉಸಿರು ಉಳಿಸೋಕೆ ಅಂತ ಭಾವ ಒಂದು ಉಸಿರು ಬಿಟ್ಟುಕೊಟ್ರು. ಹೋದವರು ಬಂದು ಅಕ್ಕನ ಹತ್ತಿರಾನೇ ಅದನ್ನ ಕೇಳಿದ್ರು. ನನಗೆ ಸಿಟ್ಟು ಬಂತು, ಅಳು ಬಂತು. ಭಾವನಿಗೆ ಬಯ್ಯೋಣ ಅನ್ನಿಸ್ತು. ಆದ್ರೆ ಆ ಜಾಗದಲ್ಲಿ ನಾನಿದ್ದಿದ್ರೂ ಕೈ ಹಿಂದೆ ತಗೊಳ್ತಿದ್ದೆ.

ಮಾರನೇ ದಿನದಿಂದ ಭಾವ ಡ್ರಿಲ್ಲು ಹಿಡಿದು ಹೊರಟ್ರು. ದೊಡ್ಡವರ ಮೂರ್ತಿ ಮುಟ್ಟೋದು ಅಂದ್ರೆ ಹುಡುಗಾಟ ಅಲ್ಲ, ಜೈಲು. ಹೋದಲ್ಲೆಲ್ಲ ಒಂದೇ ಸುಳ್ಳು ಹೇಳಿದ್ರು. "ಸಾರ್, ಒಳಗೆ ಕಂಚು ಬೆವರುತ್ತೆ, ಗಾಳಿ ಆಡದಿದ್ರೆ ಹಸಿರು ಹಿಡಿಯುತ್ತೆ. ದೊಡ್ಡವರ ಮುಖ ಹಸಿರಾದ್ರೆ ನಿಮ್ಮನ್ನೇ ಕೇಳ್ತಾರೆ ನೋಡಿ." ಕೇಳಿದ ತಕ್ಷಣ ಆಫೀಸರುಗಳು ತಾವೇ ಸ್ಟೂಲು ತಂದು ಹಾಕೋರು. ನಮ್ಮ ಆಫೀಸಿನಲ್ಲಿ ಸ್ಟೂಲು ಹಿಡ್ಕೊಂಡಿದ್ದು ನಾನೇ. ಒಂದೊಂದು ಮೂಗು ತೆರೆದ ಹಾಗೂ ಅಕ್ಕನ ಮುಖಕ್ಕೆ ಬಣ್ಣ ಬಂತು. ಒಂದಿನ ಪೂರ್ತಿ ಊಟ ಮಾಡಿ, "ಸೋತವರ ಅಟ್ಟ ಗುಡಿಸ್ಬೇಕು ಕಣೆ" ಅಂದಳು. ನಾನು ಬಚ್ಚಲಿಗೆ ಹೋಗಿ ಅತ್ತುಬಂದೆ.

ಉಳಿದದ್ದು ಎರಡನೆಯವರ ಕೋಣೆಯ ಆ ಭಾರೀ ತಲೆ. ಅದನ್ನ ಹೊಳ್ಳೆ ತೆರೆದೇ ಕಂಚಿಗೆ ಹೊಯ್ದಿದ್ರು. ಭಾವನೇ ಹೋಗಿ ಕೂರಿಸಿದ್ರು. ಎರಡನೆಯವರು ಹತ್ತಿರ ಬಂದು ನೋಡಿದ್ರು. ಬಗ್ಗಿ ನೋಡಿದ್ರು.

"ಇದೇನು ತೂತು?"

"ಗಾಳಿ ಆಡೋಕೆ, ಸಾರ್."

ಎರಡನೆಯವರು ಮೂಗಿನ ಕೆಳಗೆ ಬೆರಳು ಹಿಡಿದ್ರಂತೆ. ತಟ್ಟನೆ ಹಿಂದೆ ತಗೊಂಡ್ರಂತೆ. ಕೋಣೆ ಬಾಗಿಲು ತಾವೇ ಹಾಕಿ ಬಂದ್ರು.

"ಮುಚ್ಚು."

"ಸಾರ್, ಇದೊಂದು ಹೀಗೇ..."

"ಮನೇಲಿ ನಿನ್ನ ಹೆಂಡತಿ ಚೆನ್ನಾಗಿದ್ದಾಳಾ?"

ಭಾವ ಮುಚ್ಚಿದ್ರು. ಏನು ಮಾಡೋದು ಹೇಳಿ, ಅತ್ತ ದರಿ ಇತ್ತ ಪುಲಿ. ಆದ್ರೆ ಲೋಹದಿಂದ ಮುಚ್ಚಲಿಲ್ಲ. ಎರಕದ ಸಣ್ಣಪುಟ್ಟ ತೂತಿಗೆ ಮೇಣ ತುಂಬಿ, ಮೇಲೆ ಕಂಚಿನ ಪುಡಿ ಸವರೋ ಅಭ್ಯಾಸ ಇದೆ, ನೋಡೋರಿಗೆ ಗೊತ್ತಾಗಲ್ಲ. ಹಾಗೆ ಮಾಡಿದ್ರು. ಮುಂದೆಂದಾದ್ರೂ ಯಾರೂ ಇಲ್ಲದಾಗ ಕಿತ್ತರಾಯ್ತು ಅಂತ ಲೆಕ್ಕ.

ಅವರು ಮನೆಗೆ ಬರೋ ಹೊತ್ತಿಗೆ ಅಕ್ಕನ ತುಟಿ ಮತ್ತೆ ನೀಲಿ.

ಆಮೇಲಿನ ದಿನಗಳು ಹೇಗೆ ಕಳೆದ್ವೋ. ಸಾಯ್ತಿರಲಿಲ್ಲ, ಬದುಕ್ತಾನೂ ಇರಲಿಲ್ಲ. ಒಂದು ರಾತ್ರಿ ನಾವಿಬ್ಬರೂ ಅವಳ ಎರಡೂ ಪಕ್ಕ ಕೂತಿದ್ವಿ. ಹೊರಗೆ ಲಾರಿ ಬಂದು ನಿಂತ ಶಬ್ದ. ಪಿಸುಮಾತು. ಏನನ್ನೋ ಎಳೆದ ಹಾಗೆ ಕಿರ್ರ್... ಕಿರ್ರ್... ಆಮೇಲೆ,

ಧುಡುಂ!

ನೆಲ ಅದುರಿತು. ಲಾರಿ ಹೊರಟುಹೋಯ್ತು. ಭಾವ ಎದ್ದು ಬಾಗಿಲಿಗೆ ಹೋಗೋಷ್ಟರಲ್ಲಿ ಅಕ್ಕ ಕೆಮ್ಮಿದಳು. ಬಾಯಿಂದ ನೀರು ಬಂತು. ನಾನು ನೀರು ಕುಡಿಸಿರಲಿಲ್ಲ! ಮತ್ತೆ ಕೆಮ್ಮಿದಳು, ಮೂಗಿನಿಂದಲೂ ನೀರು. ದಿಂಬು ತೊಯ್ದುಹೋಯ್ತು. ಭಾವ ಆ ನೀರು ಮುಟ್ಟಿ ಮೂಸಿದ್ರು. ಪಾಚಿ ವಾಸನೆ. ದಿನಾ ಪ್ಲಾಸ್ಟರ್ ಕಲಸೋ ನೀರು, ಅವರಿಗೆ ಗೊತ್ತಾಗದೇ ಇರುತ್ತಾ?

"ಬಾವಿಗೆ ಹಾಕಿದ್ದಾರೆ!" ಅಂದು ಛತ್ರಿ ಕಡ್ಡಿ ಎತ್ಕೊಂಡು ಓಡಿದ್ರು.

ಯಾಕೆ ಹಾಕಿದ್ರು ಅಂತ ಆಮೇಲೆ ಗೊತ್ತಾಯ್ತು. ಎರಡನೆಯವರ ಕೋಣೇಲಿ ರಾತ್ರಿ ಹೊತ್ತು ಯಾರೋ ಮೂಗು ಕಟ್ಟಿದವರ ಹಾಗೆ ಸದ್ದು ಮಾಡ್ತಿದ್ರಂತೆ. ತಲೇನ ಶಿಲ್ಪಿಗೆ ವಾಪಸ್ ಕೊಟ್ಟು ಬನ್ನಿ ಅಂತ ಆಳುಗಳಿಗೆ ಹೇಳಿದ್ರು. ಅವರಿಗೆ ಅದನ್ನ ಮುಟ್ಟೋಕೂ ಭಯ. ದಾರೀಲೇ ಬಾವಿ ಸಿಕ್ತು, ತಳ್ಳಿಬಿಟ್ರು.

ನಾನು ಅಕ್ಕನ ಹತ್ತಿರಾನೇ ಇದ್ದೆ. ಅವಳನ್ನ ಬೋರಲು ಮಾಡಿ ಬೆನ್ನು ತಟ್ಟಿದೆ. ನೀರು ಬರ್ತಾನೇ ಇತ್ತು, ಗೊಳಗೊಳ ಅಂತ. ಅವಳ ಉಗುರು ನನ್ನ ಕೈಗೆ ಊರಿತ್ತು. ಆಮೇಲೆ ಉಗುರು ಸಡಿಲ ಆಯ್ತು. "ಅಕ್ಕಾ... ಅಕ್ಕಾ..." ಅಂತಿದ್ದೀನಿ, ಕಣ್ಣು ಮೇಲೆ ಸಿಕ್ಕಿಕೊಂಡಿದೆ. ಹೋದಳು ಅಂದ್ಕೊಂಡೆ. ನಿಜ ಹೇಳ್ತೀನಿ, ಹೋದಳು ಅಂತಲೇ ಅಂದ್ಕೊಂಡೆ.

ಭಾವ ಬಾವಿ ಹಗ್ಗ ಹಿಡಿದು ಇಳಿದಿದ್ರು. ಬೇಸಿಗೆ, ಎದೆಮಟ್ಟ ನೀರು. ಏನೂ ಕಾಣ್ತಿರಲಿಲ್ಲ. ಮುಳುಗಿ ಕೈಯಾಡಿಸಿದ್ರು. ಹಣೆ ಸಿಕ್ತು, ಹುಬ್ಬು ಸಿಕ್ತು. ತಾವೇ ತಿದ್ದಿದ ಮುಖ, ಕೈಗೆ ಕಣ್ಣು ಬೇಕಾಗ್ಲಿಲ್ಲ. ಮೂಗು. ಛತ್ರಿ ಕಡ್ಡಿಯಲ್ಲಿ ಮೇಣ ಕೆದಕಿದ್ರು, ಒಂದು, ಇನ್ನೊಂದು. "ತಪ್ಪಾಯ್ತು, ಉಸಿರಾಡಿ" ಅಂತ ಮನಸ್ಸಿನಲ್ಲೇ ಅಂದ್ರಂತೆ. ಗುಳ್... ಗುಳ್... ಗುಳ್... ಅಂತ ಗುಳ್ಳೆ ಅವರ ಕೆನ್ನೆ ಸವರಿಕೊಂಡು ಮೇಲೆ ಹೋದ್ವಂತೆ. ಬೆಚ್ಚಗಿದ್ವಂತೆ.

ಇಲ್ಲಿ ಅಕ್ಕ ಒಂದು ಸಲ ಬೆಚ್ಚಿಬಿದ್ದಳು. "ಹಾ..."

ಭಾವ ತೊಟ್ಟಿಕ್ಕೋ ಬಟ್ಟೇಲೇ ಬಂದು ಅವಳ ಮೂಗಿನ ಕೆಳಗೆ ಬೆರಳು ಹಿಡಿದು ನೋಡಿದ್ರು. ಆಮೇಲೆ ನೆಲದ ಮೇಲೆ ಕೂತು ಮಗು ಥರ ಅತ್ರು. ಇನ್ನೊಂದು ಕೈ ಮುಷ್ಟಿ ಕಟ್ಟಿತ್ತು. ನಾನು ಬಿಡಿಸಿದೆ. ಒಳಗೆ ಒದ್ದೆ ಹತ್ತಿ, ಎರಡು ಉಂಡೆ.

"ಇದೆಲ್ಲಿಂದ ಬಂತು ಭಾವ?"

"ಹೊಳ್ಳೆಯಿಂದ ಬಂತು. ನಾನು ಇಟ್ಟದ್ದು ಮೇಣ ಕಣಮ್ಮ... ಬರೀ ಮೇಣ."

ಆ ತಲೆ ಇವತ್ತಿಗೂ ಬಾವಿ ತಳದಲ್ಲೇ ಇದೆ. ಅಕ್ಕನಿಗೆ ಆಮೇಲೆ ಒಂದು ಸಲವೂ ಉಸಿರು ಕಟ್ಟಲಿಲ್ಲ. ನೀವೇ ನೋಡಿದ್ದೀರಲ್ಲ, ಈ ವಯಸ್ಸಿನಲ್ಲೂ ಎಲ್ಲರಿಗೂ ಬಯ್ಕೊಂಡು ಗಟ್ಟಿಯಾಗಿದ್ದಾಳೆ. ಭಾವ ಮಾತ್ರ ಈಗಲೂ ರಾತ್ರಿ ಎದ್ದೆದ್ದು ಅವಳ ಮೂಗಿನ ಕೆಳಗೆ ಬೆರಳು ಹಿಡಿದು ನೋಡ್ತಾರೆ. "ಬಿಡ್ರೀ, ಇದ್ದೀನಿ" ಅಂತ ಅವಳು ನಿದ್ದೇಲೇ ಗದರ್ತಾಳೆ.

ಎರಡನೆಯವರಿಗೆ ಏನಾಯ್ತು ಅಂತೀರಾ? ಏನೂ ಆಗ್ಲಿಲ್ಲ. ಬಹಳ ವರ್ಷ ಆಳಿ, ಮುದುಕರಾಗಿ, ನಿದ್ದೇಲೇ ಹಾಯಾಗಿ ಹೋದ್ರು. ದೆವ್ವಗಳಿಗೂ ದೊಡ್ಡ ಮನುಷ್ಯರ ತಂಟೆ ಬೇಡ. ಆಗಲೂ ಅಚ್ಚು ತೆಗೆಯೋಕೆ ಭಾವನನ್ನೇ ಕರೆದ್ರು. ಭಾವ ಹೋಗಿ ಹೆಣದ ಮೂಗಿಗೆ ಎರಡು ಕೊಳವೆ ಇಟ್ರು. ಮನೆಯವರು ಮುಖ ಮುಖ ನೋಡ್ಕೊಂಡ್ರು. ಇವರು ಜಗ್ಗಲಿಲ್ಲ. ಪ್ಲಾಸ್ಟರ್ ಗಟ್ಟಿಯಾಗೋವರೆಗೆ ಕೊಳವೆ ತುದೀಲಿ ಬೆರಳು ಹಿಡ್ಕೊಂಡು ನಿಂತಿದ್ರು. ಅದೇ ಅವರು ತೆಗೆದ ಕೊನೇ ಅಚ್ಚು.

ನೀವು ನಂಬಲ್ಲ, ಗೊತ್ತು. ಆದ್ರೆ ನಾನು ನಿವೃತ್ತಿ ಆಗೋವರೆಗೂ ನೀರಿನ ತೆರಿಗೆ ಆಫೀಸಿನ ಬಾಗಿಲಲ್ಲಿ ಆ ಇನ್ನೊಂದು ತಲೇನ ದಿನಾ ನೋಡಿದ್ದೀನಿ. ಆಳೋರು ಬದಲಾದ್ರು, ಅದನ್ನ ಒರೆಸೋದನ್ನೂ ಬಿಟ್ಟುಬಿಟ್ರು. ನೆತ್ತಿ ಮೇಲೆ ಧೂಳು, ಹುಬ್ಬಿನ ಮೇಲೆ ಧೂಳು, ಕಾಲರಿನ ಮೇಲಂತೂ ಬೆರಳಲ್ಲಿ ಹೆಸರು ಬರೀಬಹುದು, ಅಷ್ಟು ಧೂಳು. ಮೂಗಿನ ಕೆಳಗೆ, ಮೇಲ್ದುಟಿ ಮೇಲೆ ಮಾತ್ರ ಒಂದು ಕಣ ಇರ್ತಿರಲಿಲ್ಲ. ಗುಡಿಸೋಕೆ ಬರೋಳು ನನ್ನನ್ನೇ ಕೇಳಿದ್ಲು, "ಇಲ್ಲಿ ಮಾತ್ರ ನೀವೇ ಒರೆಸ್ತೀರಾ ಅಮ್ಮಾ?" ಅಂತ. ಇಲ್ಲ ಅಂದೆ. ತಲೆ ಈಗಲೂ ಅಲ್ಲೇ ಇದೆ, ನಾಳೆ ಹೋಗಿ ಬೆರಳಾಡಿಸಿ ನೋಡ್ಕೊಳ್ಳಿ.